ಭಾರತ ಫುಟ್‌ಬಾಲ್ ತಂಡದ ಇತ್ತೀಚಿನ ಫಲಿತಾಂಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಅವಧಿಯ ಪಂದ್ಯಗಳ ವಿವರ ಇದೆ?

ಪುರುಷರ ಹಿರಿಯರ ತಂಡ 2023ರ ಮಾರ್ಚ್‌ನಿಂದ 2025ರ ನವೆಂಬರ್‌ವರೆಗೆ ಆಡಿದ ಪಂದ್ಯಗಳದ್ದು. ಮಹಿಳೆಯರ ಮತ್ತು ಕಿರಿಯರ ತಂಡಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ. ಈ ಅವಧಿಯಲ್ಲಿ ತಂಡ 100ರೊಳಗಿನ ರ್‍ಯಾಂಕಿಂಗ್ ಕಂಡಿತು, ಅಲ್ಲಿಂದ ಜಾರಿ 142ಕ್ಕೆ ಬಂದು ನಿಂತಿತು. ನಡುವೆ ಮೂವರು ಕೋಚ್‌ಗಳು ಆದರು.

ಗಡಿಬಿಡಿಯಲ್ಲಿದ್ದೇನೆ. ತಂಡದ ಸ್ಥಿತಿ ಹೇಗಿದೆ, ಬೇಗ ಹೇಳಿ.

ಚೆನ್ನಾಗಿಲ್ಲ. 2023ರ ನವೆಂಬರ್ 16ರಂದು ಕುವೈತ್ ನೆಲದಲ್ಲೇ ಕುವೈತನ್ನು 1–0ರಿಂದ ಸೋಲಿಸಿದೆವು. ಅದಾದ ಮೇಲೆ 2025ರ ನವೆಂಬರ್ 18ರವರೆಗೆ ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು: ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3–0, ತಜಿಕಿಸ್ತಾನದಲ್ಲಿ ಆತಿಥೇಯರ ವಿರುದ್ಧ 2–1. 2027ರ ಏಷ್ಯನ್ ಕಪ್‌ಗೆ ಅರ್ಹತೆಯೂ ಸಿಗಲಿಲ್ಲ.

ಆದರೆ 2023ರಲ್ಲಿ ಸೋಲೇ ಇರಲಿಲ್ಲವಲ್ಲ? ಆ ತಂಡ ಎಲ್ಲಿ ಹೋಯಿತು?

ಎಲ್ಲರೂ ಕೇಳುವ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ನೋಡಬೇಕು.

ಮಾರ್ಚ್‌ನಲ್ಲಿ ಇಂಫಾಲದಲ್ಲಿ ಮ್ಯಾನ್ಮಾರ್ ವಿರುದ್ಧ 1–0, ಕಿರ್ಗಿಸ್ತಾನ ವಿರುದ್ಧ 2–0. ಜೂನ್‌ನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್: ಮಂಗೋಲಿಯಾ ವಿರುದ್ಧ 2–0, ವನುವಾಟು ವಿರುದ್ಧ 1–0, ಲೆಬನಾನ್ ಜೊತೆ ಗೋಲಿಲ್ಲದ ಡ್ರಾ, ಫೈನಲ್‌ನಲ್ಲಿ ಅದೇ ಲೆಬನಾನ್ ವಿರುದ್ಧ 2–0. ಅದು ಮುಗಿದ ಮೂರೇ ದಿನಕ್ಕೆ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್ ಶುರು. ಪಾಕಿಸ್ತಾನ 4–0, ನೇಪಾಳ 2–0, ಕುವೈತ್ 1–1. ಸೆಮಿಫೈನಲ್‌ನಲ್ಲಿ ಲೆಬನಾನ್, ಫೈನಲ್‌ನಲ್ಲಿ ಮತ್ತೆ ಕುವೈತ್. ಇವೆರಡನ್ನೂ ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ.

ಒಟ್ಟು 11 ಪಂದ್ಯ, ಒಂದೂ ಸೋಲಿಲ್ಲ. ಬಿಟ್ಟುಕೊಟ್ಟ ಗೋಲು ಎರಡು ಮಾತ್ರ, ಎರಡೂ ಕುವೈತ್ ವಿರುದ್ಧ. ಅದರಲ್ಲೂ ಒಂದು ನಮ್ಮವರೇ ಹೊಡೆದುಕೊಂಡದ್ದು. ಜುಲೈನಲ್ಲಿ ಫಿಫಾ ಪಟ್ಟಿ ಬಂದಾಗ ಭಾರತ 99ನೇ ಸ್ಥಾನದಲ್ಲಿತ್ತು.

ಈಗ ಇನ್ನೊಂದು ಮಗ್ಗುಲು. ಆ 11 ಪಂದ್ಯಗಳೂ ತವರಿನಲ್ಲೇ ನಡೆದವು. ತಂಡ ಗಳಿಸಿದ್ದು 16 ಗೋಲು, ಅದರಲ್ಲಿ 8 ಒಬ್ಬರದ್ದೇ: ಸುನಿಲ್ ಚೆಟ್ರಿ. ಆಗಲೇ ಅವರಿಗೆ 38 ವರ್ಷ. ರಕ್ಷಣೆ ಗಟ್ಟಿಯಾಗಿತ್ತು, ಪ್ರೇಕ್ಷಕರ ಬೆಂಬಲವಿತ್ತು, ಗೋಲಿನ ಹೊಣೆ ಒಬ್ಬ ಹಿರಿಯನ ಹೆಗಲ ಮೇಲಿತ್ತು. ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನ ಕಿಂಗ್ಸ್ ಕಪ್‌ಗೆ ಹೋದ ತಂಡ ಇರಾಕ್ ಜೊತೆ 2–2 ಡ್ರಾ ಮಾಡಿಕೊಂಡು ಶೂಟೌಟ್‌ನಲ್ಲಿ ಸೋತಿತು, ಆಮೇಲೆ ಭುವನೇಶ್ವರದಲ್ಲಿ ಮಣಿಸಿದ್ದ ಲೆಬನಾನ್‌ಗೇ 0–1ರಿಂದ ಮಣಿಯಿತು. ಅಕ್ಟೋಬರ್‌ನಲ್ಲಿ ಮಲೇಷ್ಯಾ ವಿರುದ್ಧ 2–4. ಆ ತಂಡ ಎಲ್ಲಿಗೂ ಹೋಗಲಿಲ್ಲ. ಊರು ಬಿಟ್ಟು ಹೊರಗೆ ಆಡಲು ಶುರುಮಾಡಿತು, ಅಷ್ಟೆ.

ಕಂಠೀರವದಲ್ಲಿ ನಡೆದ ಆ ಸ್ಯಾಫ್ ಫೈನಲ್‌ನಲ್ಲಿ ಏನೇನಾಯಿತು?

2023ರ ಜುಲೈ 4. ಕುವೈತ್ 14ನೇ ನಿಮಿಷದಲ್ಲೇ ಮುನ್ನಡೆ ಪಡೆಯಿತು, ಹೊಡೆದದ್ದು ಶಬೈಬ್ ಅಲ್ ಖಾಲ್ದಿ. ಅಷ್ಟು ದಿನ ಎದುರಾಳಿಯ ಕಾಲಿನಿಂದ ಒಂದೂ ಗೋಲು ಬಿಟ್ಟಿರದ ತಂಡಕ್ಕೆ ಅದು ಹೊಸ ಅನುಭವ. 39ನೇ ನಿಮಿಷದಲ್ಲಿ ಸಹಲ್ ಅಬ್ದುಲ್ ಸಮದ್ ಕೊಟ್ಟ ಪಾಸನ್ನು ಲಾಲಿಯನ್‌ಜುವಾಲಾ ಛಾಂಗ್ಟೆ ಗೋಲಿಗೆ ಸೇರಿಸಿದರು. 90 ನಿಮಿಷ ಮುಗಿಯಿತು, ಹೆಚ್ಚುವರಿ ಅರ್ಧ ಗಂಟೆಯೂ ಮುಗಿಯಿತು, ಸ್ಕೋರ್ 1–1ರಲ್ಲೇ ಉಳಿಯಿತು.

ಶೂಟೌಟ್‌ನಲ್ಲಿ ಕುವೈತ್ ಮೊದಲ ಹೊಡೆತವನ್ನೇ ಹಾಳುಮಾಡಿಕೊಂಡಿತು. ಭಾರತದ ಪರ ಉದಾಂತ ಸಿಂಗ್ ತಪ್ಪಿಸಿಕೊಂಡರು. ಐದೈದು ಹೊಡೆತ ಮುಗಿದಾಗ 4–4. ಮುಂದಿನ ಹೊಡೆತವನ್ನು ನವೊರೆಮ್ ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್ ನಾಯಕ ಖಾಲಿದ್ ಹಾಜಿಯಾ ಹೊಡೆದ ಚೆಂಡಿಗೆ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅಡ್ಡ ಬಿದ್ದರು. ಮುಗಿಯಿತು. ಭಾರತಕ್ಕೆ ಇದು ಒಂಬತ್ತನೇ ಸ್ಯಾಫ್ ಪ್ರಶಸ್ತಿ. ಗುರುಪ್ರೀತ್‌ಗೂ ಚೆಟ್ರಿಗೂ ಕಂಠೀರವ ಹೊಸದಲ್ಲ. ಇಬ್ಬರೂ ಬೆಂಗಳೂರು ಎಫ್‌ಸಿ ಆಟಗಾರರು.

ಲೆಬನಾನ್, ಕುವೈತ್ ದಕ್ಷಿಣ ಏಷ್ಯಾದ ದೇಶಗಳಲ್ಲವಲ್ಲ ಎಂಬ ಅನುಮಾನ ಬಂದಿದ್ದರೆ, ಅದು ಸರಿಯಾದ ಅನುಮಾನವೇ. ಶ್ರೀಲಂಕಾ ಫಿಫಾ ಅಮಾನತಿನಲ್ಲಿತ್ತು, ಅಫ್ಗಾನಿಸ್ತಾನ ಮಧ್ಯ ಏಷ್ಯಾ ಒಕ್ಕೂಟದ ಕಡೆಗೆ ಹೋಗಿತ್ತು. ಖಾಲಿ ಜಾಗಕ್ಕೆ ಇವರನ್ನು ಅತಿಥಿಗಳಾಗಿ ಕರೆದರು. ಒಳ್ಳೆಯದೇ ಆಯಿತು; ಅವರಿಬ್ಬರೂ ಇರದಿದ್ದರೆ ಟೂರ್ನಿ ಸಪ್ಪೆಯಾಗುತ್ತಿತ್ತು.

ಕೋಚ್‌ಗೆ ರೆಡ್ ಕಾರ್ಡ್ ತೋರಿಸಿದ್ದು ಆ ಟೂರ್ನಿಯಲ್ಲೇ ಅಲ್ಲವೇ?

ಹೌದು, ಅದೂ ಎರಡು ಸಲ. ಪಾಕಿಸ್ತಾನದ ಆಟಗಾರ ಥ್ರೋ ಮಾಡಲು ಚೆಂಡು ಎತ್ತಿಕೊಂಡಿದ್ದಾಗ ಭಾರತದ ಆಗಿನ ಕೋಚ್, ಕ್ರೊಯೇಷ್ಯಾದ ಇಗೊರ್ ಸ್ಟಿಮ್ಯಾಚ್ ಹಿಂದಿನಿಂದ ಹೋಗಿ ಅದನ್ನು ಕೈಯಿಂದ ತಪ್ಪಿಸಿದರು. ಭಾರತ ಆಗ 2–0 ಮುಂದಿತ್ತು. ಏನು ಅಗತ್ಯವಿತ್ತೋ! ಒಂದು ಪಂದ್ಯ ನಿಷೇಧ ಮುಗಿಸಿ ಬಂದವರು ಕುವೈತ್ ವಿರುದ್ಧದ ಲೀಗ್ ಪಂದ್ಯದಲ್ಲಿ ಮತ್ತೆ ಹೊರಗೆ ಹೋದರು.

ಪೆನಾಲ್ಟಿಯಲ್ಲಿ ಗೆದ್ದರೂ ದಾಖಲೆಯಲ್ಲಿ ‘ಡ್ರಾ’ ಎಂದು ಏಕೆ ಬರೆಯುತ್ತಾರೆ?

ಶೂಟೌಟ್ ಎಂದರೆ ಮುಂದಿನ ಸುತ್ತಿಗೆ ಯಾರು, ಕಪ್ ಯಾರಿಗೆ ಎಂದು ತೀರ್ಮಾನಿಸುವ ವಿಧಾನ ಮಾತ್ರ. ಪಂದ್ಯದ ಫಲಿತಾಂಶ ಅದಕ್ಕೆ ಮೊದಲೇ ಮುಗಿದಿರುತ್ತದೆ. ಹಾಗಾಗಿ ಸ್ಯಾಫ್ ಫೈನಲ್ ದಾಖಲೆಯಲ್ಲಿ 1–1 ಡ್ರಾ. 2025ರ ಸೆಪ್ಟೆಂಬರ್‌ನಲ್ಲಿ ಒಮಾನ್ ವಿರುದ್ಧ ಶೂಟೌಟ್‌ನಲ್ಲಿ ಗೆದ್ದದ್ದೂ 1–1 ಡ್ರಾ. ಮೇಲೆ ‘ಎರಡೇ ಗೆಲುವು’ ಎಂದಾಗ ಒಮಾನ್ ಪಂದ್ಯವನ್ನು ಸೇರಿಸದಿರುವುದು ಇದೇ ಕಾರಣಕ್ಕೆ. ಫಿಫಾ ರ್‍ಯಾಂಕಿಂಗ್ ಮಾತ್ರ ಇದಕ್ಕೊಂದು ನಡುದಾರಿ ಹುಡುಕಿಕೊಂಡಿದೆ: ಗೆಲುವಿಗೆ 1, ಡ್ರಾಗೆ 0.5, ಶೂಟೌಟ್‌ನಲ್ಲಿ ಗೆದ್ದವರಿಗೆ 0.75.

2024ರ ಏಷ್ಯನ್ ಕಪ್‌ನಲ್ಲಿ ಏನಾಯಿತು?

ಮೂರು ಪಂದ್ಯ, ಮೂರು ಸೋಲು, ಗೋಲು ಸೊನ್ನೆ. ಕತಾರ್‌ನಲ್ಲಿ 2024ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ 0–2, ಉಜ್ಬೇಕಿಸ್ತಾನ ವಿರುದ್ಧ 0–3, ಸಿರಿಯಾ ವಿರುದ್ಧ 0–1.

ಆಸ್ಟ್ರೇಲಿಯಾ ಪಂದ್ಯದ ಮೊದಲಾರ್ಧವನ್ನು 0–0ರಲ್ಲಿ ಮುಗಿಸಿದ್ದು ಸಣ್ಣ ಸಾಧನೆಯಲ್ಲ. ಜಪಾನಿನ ಯೊಶಿಮಿ ಯಮಶಿತಾ ಆ ಪಂದ್ಯದ ರೆಫರಿ. ಪುರುಷರ ಏಷ್ಯನ್ ಕಪ್ ಪಂದ್ಯ ನಡೆಸಿದ ಮೊದಲ ಮಹಿಳೆ. ಉಜ್ಬೇಕಿಸ್ತಾನ ಮಾತ್ರ ವಿರಾಮದೊಳಗೇ ಮೂರೂ ಗೋಲು ಹೊಡೆದು ಕೈತೊಳೆದುಕೊಂಡಿತು. ಸಿರಿಯಾವನ್ನು ಸೋಲಿಸಿದ್ದರೆ ಮೂರನೇ ಸ್ಥಾನದ ತಂಡಗಳ ಲೆಕ್ಕದಲ್ಲಿ ಮುಂದಿನ ಸುತ್ತಿನ ಆಸೆ ಇರುತ್ತಿತ್ತು. 76ನೇ ನಿಮಿಷದಲ್ಲಿ ಒಮರ್ ಖ್ರಿಬಿನ್ ಆ ಆಸೆಗೂ ನೀರೆರಚಿದರು. ರ್‍ಯಾಂಕಿಂಗ್ 102ರಿಂದ ಒಂದೇ ಏಟಿಗೆ 117ಕ್ಕೆ ಕುಸಿಯಿತು.

ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದದ್ದು ಕತಾರ್‌ನ ಆ ಮೋಸದ ಗೋಲಿನಿಂದಲೇ?

ಮೊದಲು ಗೋಲಿನ ವಿಷಯ. 2024ರ ಜೂನ್ 11, ದೋಹಾ. 37ನೇ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ 1–0 ಮುಂದಿತ್ತು. 73ನೇ ನಿಮಿಷದಲ್ಲಿ ಕತಾರ್‌ನ ಯೂಸುಫ್ ಅಯ್ಮನ್ ತಲೆಯಿಂದ ಹೊಡೆದ ಚೆಂಡನ್ನು ಗುರುಪ್ರೀತ್ ತಡೆದರು. ಚೆಂಡು ಅವರ ಪಕ್ಕದಿಂದ ಉರುಳಿ ಗೋಲುಕಂಬದ ಹೊರಗೆ ಅಂತಿಮ ಗೆರೆ ದಾಟಿತು. ನಮ್ಮವರು ಕಾರ್ನರ್‌ಗೆ ಸಜ್ಜಾಗಿ ನಿಂತರು. ಅಷ್ಟರಲ್ಲಿ ಹಾಶ್ಮಿ ಹುಸೇನ್ ಗೆರೆಯಾಚೆಯಿಂದ ಚೆಂಡನ್ನು ಕಾಲಲ್ಲಿ ಒಳಗೆಳೆದುಕೊಂಡರು, ಅಯ್ಮನ್ ಬಲೆಗೆ ತಳ್ಳಿದರು. ದಕ್ಷಿಣ ಕೊರಿಯಾದ ರೆಫರಿ ಗೋಲು ಕೊಟ್ಟೇಬಿಟ್ಟರು. ಆ ಸುತ್ತಿನಲ್ಲಿ ವಿಡಿಯೊ ಅಂಪೈರಿಂಗ್ ಇರಲಿಲ್ಲ. 85ನೇ ನಿಮಿಷದಲ್ಲಿ ಇನ್ನೊಂದು ಗೋಲು ಬಿತ್ತು, 1–2. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ (ಎಐಎಫ್‌ಎಫ್) ದೂರು ಕೊಟ್ಟಿತು, ಫಲಿತಾಂಶ ಬದಲಾಗಲಿಲ್ಲ.

ಅದು ಗೋಲಲ್ಲ. ಟಿ.ವಿ.ಯಲ್ಲಿ ನೋಡಿದ ಯಾರಿಗೂ ಅನುಮಾನ ಉಳಿಯುವುದಿಲ್ಲ. ಆದರೆ ಹೊರಬಿದ್ದದ್ದು ಅದರಿಂದಲೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಕಪಟ್ಟಿ ತೆಗೆದು ನೋಡಿ: ಕತಾರ್ 16, ಕುವೈತ್ 7, ಭಾರತ 5, ಅಫ್ಗಾನಿಸ್ತಾನ 5. ಎರಡು ತಂಡಗಳು ಮುಂದಿನ ಸುತ್ತಿಗೆ. ಅಫ್ಗಾನಿಸ್ತಾನ ವಿರುದ್ಧ ಮಾರ್ಚ್‌ನಲ್ಲಿ ಆಡಿದ ಎರಡು ಪಂದ್ಯಗಳಲ್ಲಿ ನಮಗೆ ಸಿಕ್ಕಿದ್ದು ಒಂದೇ ಅಂಕ. ಸೌದಿಯ ಅಭಾದಲ್ಲಿ 0–0. ಐದು ದಿನ ಬಿಟ್ಟು ಗುವಾಹಟಿಯಲ್ಲಿ 1–2. ಅಂದು ಚೆಟ್ರಿಗೆ 150ನೇ ಪಂದ್ಯ; ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆಯನ್ನೂ ತಂದುಕೊಟ್ಟಿದ್ದರು. 70ನೇ ನಿಮಿಷದಲ್ಲಿ ರಹಮತ್ ಅಕ್ಬರಿ ಸಮ ಮಾಡಿದರು, 88ರಲ್ಲಿ ಪೆನಾಲ್ಟಿಯಿಂದ ಶರೀಫ್ ಮುಹಮ್ಮದ್ ಗೆಲ್ಲಿಸಿದರು. ತಮ್ಮ ಒಕ್ಕೂಟದ ಮೇಲಿನ ಸಿಟ್ಟಿಗೆ ಹಲವು ಹಿರಿಯ ಆಟಗಾರರು ದೂರ ಉಳಿದಿದ್ದ ಅಫ್ಗಾನ್ ತಂಡ ಅದು.

ಗುವಾಹಟಿಯ ಒಂದು ಪಂದ್ಯ ಗೆದ್ದಿದ್ದರೆ ಭಾರತದ ಅಂಕ 8. ದೋಹಾದಲ್ಲಿ ಸೋತರೂ ಕುವೈತ್‌ಗಿಂತ ಮುಂದೆ. ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋದದ್ದು ಅಲ್ಲಿ.

ಚೆಟ್ರಿ ವಿದಾಯದ ಪಂದ್ಯದ ಫಲಿತಾಂಶ ಏನು?

2024ರ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್, ಕುವೈತ್ ವಿರುದ್ಧ 0–0. ಸುಮಾರು 59 ಸಾವಿರ ಜನ ಬಂದಿದ್ದರು. ಗೋಲೊಂದು ಬಂದಿದ್ದರೆ ವಿದಾಯಕ್ಕೂ ಅಂಕಪಟ್ಟಿಗೂ ಒಟ್ಟಿಗೆ ಕಳೆ ಬರುತ್ತಿತ್ತು. 151 ಪಂದ್ಯ, 94 ಗೋಲುಗಳೊಂದಿಗೆ ಅವರು ನಿಂತರು.

ಹಾಗಾದರೆ 2025ರಲ್ಲಿ ಮತ್ತೆ ಆಡಿದ್ದೇಕೆ?

ಆಗಿನ ಕೋಚ್ ಮನೊಲೊ ಮಾರ್ಕ್ವೆಜ್ ಕೇಳಿಕೊಂಡರು, ಚೆಟ್ರಿ ಬಂದರು. ಕೇಳಿಕೊಳ್ಳಲು ಕಾರಣ ಸರಳ: 2024–25ರ ಐಎಸ್‌ಎಲ್‌ನಲ್ಲಿ (ದೇಶದ ಕ್ಲಬ್‌ಗಳು ಆಡುವ ಇಂಡಿಯನ್ ಸೂಪರ್ ಲೀಗ್) ಅತಿ ಹೆಚ್ಚು ಗೋಲು ಹೊಡೆದ ಭಾರತೀಯ 40 ವರ್ಷದ ಚೆಟ್ರಿಯೇ, 14 ಗೋಲು. ನಿವೃತ್ತನಾದವನೇ ಎಲ್ಲರಿಗಿಂತ ಮುಂದಿದ್ದರೆ ಕೋಚ್ ಬೇರೆ ಯಾರನ್ನು ಕರೆಯಬೇಕು? 2025ರ ಮಾರ್ಚ್ 19ರಂದು ಮಾಲ್ಡೀವ್ಸ್ ವಿರುದ್ಧ ಮರಳಿ ಕಣಕ್ಕಿಳಿದು 95ನೇ ಗೋಲು ಹೊಡೆದರು. ಆ ಪಂದ್ಯದಲ್ಲಿ ಮೊದಲ ಗೋಲು ರಾಹುಲ್ ಭೆಕೆ ಅವರದ್ದು, ಎರಡನೆಯದು ಲಿಸ್ಟನ್ ಕೊಲಾಸೊ ಅವರದ್ದು. 489 ದಿನಗಳ ಬಳಿಕ ಬಂದ ಗೆಲುವು. ಏಷ್ಯನ್ ಕಪ್ ಹಾದಿ ಮುಚ್ಚಿದ ಮೇಲೆ, ಅದೇ ವರ್ಷದ ನವೆಂಬರ್ ಹೊತ್ತಿಗೆ, ರಾಷ್ಟ್ರೀಯ ತಂಡದಿಂದ ಮತ್ತೆ ದೂರ ಸರಿದರು.

2024ರಲ್ಲಿ ಒಂದೂ ಗೆಲುವಿಲ್ಲ ಎನ್ನುವುದು ನಿಜವೇ?

ನಿಜ. 11 ಪಂದ್ಯ, 6 ಸೋಲು, 5 ಡ್ರಾ, ಇಡೀ ವರ್ಷಕ್ಕೆ 4 ಗೋಲು. ಹಿಂದಿನ ವರ್ಷ ಸೋಲೇ ಇಲ್ಲದೆ ಆಡಿದ್ದೂ ಸತತ 11 ಪಂದ್ಯ. ಕಾಕತಾಳೀಯವೇ ಆದರೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮುಜುಗರವಾಗುತ್ತದೆ.

ಜೂನ್ 17ರಂದು ಸ್ಟಿಮ್ಯಾಚ್ ಅವರನ್ನು ಕೈಬಿಟ್ಟರು. ಅವರೂ ಒಕ್ಕೂಟವೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡಿ ಬಹಳ ದಿನವಾಗಿತ್ತು. ಜುಲೈನಲ್ಲಿ ಸ್ಪೇನ್‌ನ ಮನೊಲೊ ಮಾರ್ಕ್ವೆಜ್ ಬಂದರು. ಹೈದರಾಬಾದ್‌ನಲ್ಲಿ ಮಾರಿಷಸ್ ಜೊತೆ 0–0, ಸಿರಿಯಾ ವಿರುದ್ಧ 0–3. ವಿಯೆಟ್ನಾಂನಲ್ಲಿ 1–1, ಅಲ್ಲಿ ಗುರುಪ್ರೀತ್ ಪೆನಾಲ್ಟಿ ತಡೆದರು, ಫಾರೂಕ್ ಚೌಧರಿ ಸಮಬಲದ ಗೋಲು ಹೊಡೆದರು. ನವೆಂಬರ್‌ನಲ್ಲಿ ಮತ್ತೆ ಹೈದರಾಬಾದ್, ಮಲೇಷ್ಯಾ ಜೊತೆ 1–1. ಅಲ್ಲಿ ಗೋಲುಪೆಟ್ಟಿಗೆ ಬಿಟ್ಟು ಮುಂದೆ ಓಡಿಬಂದ ಗುರುಪ್ರೀತ್ ಲೆಕ್ಕಾಚಾರ ತಪ್ಪಿ ಗೋಲು ಬಿಟ್ಟರು, ಭೆಕೆ ತಲೆಯಿಂದ ಹೊಡೆದು ಮರ್ಯಾದೆ ಉಳಿಸಿದರು.

ಮಾರ್ಕ್ವೆಜ್ ಒಂದೇ ವರ್ಷಕ್ಕೆ ಹೋದರೇಕೆ?

8 ಪಂದ್ಯ, 1 ಗೆಲುವು. ಇದರ ಜೊತೆಗೆ ಅವರು ಎಫ್‌ಸಿ ಗೋವಾ ಕೋಚ್ ಕೂಡ ಆಗಿದ್ದರು. ಎರಡು ದೋಣಿಯ ಮೇಲೆ ಕಾಲಿಡುವುದಕ್ಕೆ ಒಕ್ಕೂಟವೇ ಒಪ್ಪಿಗೆ ಕೊಟ್ಟಿತ್ತು, ಹಾಗಾಗಿ ಪೂರ್ತಿ ದೂರು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. 2025ರ ಜುಲೈ ಆರಂಭದಲ್ಲಿ ಇಬ್ಬರೂ ಒಪ್ಪಿ ಬೇರೆಯಾದರು.

2027ರ ಏಷ್ಯನ್ ಕಪ್‌ಗೆ ಭಾರತ ಏಕೆ ಹೋಗುತ್ತಿಲ್ಲ?

ಅರ್ಹತಾ ಸುತ್ತಿನಲ್ಲಿ ಆರು ಗುಂಪು, ಗುಂಪಿಗೆ ನಾಲ್ಕು ತಂಡ, ಮೊದಲ ಸ್ಥಾನದವರಿಗೆ ಮಾತ್ರ ಟಿಕೆಟ್. ಭಾರತದ ಗುಂಪಿನಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಬಾಂಗ್ಲಾದೇಶ ಇದ್ದವು. ಗುಂಪುಗಳ ಚೀಟಿ ಎತ್ತಿದ ದಿನ ‘ಸುಲಭದ ಗುಂಪು’ ಎಂದವರೇ ಹೆಚ್ಚು.

ಮಾರ್ಚ್ 25, ಶಿಲ್ಲಾಂಗ್: ಬಾಂಗ್ಲಾದೇಶ ಜೊತೆ 0–0. ಇಂಗ್ಲೆಂಡ್ ಕ್ಲಬ್‌ಗಳಲ್ಲಿ ಆಡಿ ಬಂದ ಹಂಝಾ ಚೌಧರಿ ಬಾಂಗ್ಲಾ ಪರ ಕಣಕ್ಕಿಳಿದ ಮೊದಲ ಪಂದ್ಯ ಅದು, ನಡುಮೈದಾನದಲ್ಲಿ ಅವರದ್ದೇ ದರ್ಬಾರು.

ಜೂನ್ 10, ಹಾಂಗ್‌ಕಾಂಗ್‌ನ ಹೊಸ ಕೈ ಟಾಕ್ ಕ್ರೀಡಾಂಗಣ: 0–1. ಈ ಪಂದ್ಯದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಮೊದಲಾರ್ಧದಲ್ಲಿ ಎಡಗಡೆಯಿಂದ ಕೊಲಾಸೊ ಕೊಟ್ಟ ಚೆಂಡು ಗೋಲಿನ ಎದುರಿದ್ದ ಆಶಿಕ್ ಕುರುಣಿಯನ್ ಬಳಿಗೆ ಬಂತು. ಹೊಡೆದದ್ದು ಹೊರಗೆ. ಆಮೇಲೆ ಆಟ ಡ್ರಾ ಕಡೆಗೇ ತೆವಳುತ್ತಿತ್ತು. ಇಂಜುರಿ ಟೈಮಿನಲ್ಲಿ ಮೇಲೆ ಹಾರಿಬಂದ ಚೆಂಡಿಗೆ ಗೋಲ್‌ಕೀಪರ್ ವಿಶಾಲ್ ಕೈತ್ ಮುನ್ನುಗ್ಗಿದರು, ಚೆಂಡಿನ ಬದಲು ಎದುರಾಳಿಗೆ ಕೈ ತಗುಲಿತು. ಪೆನಾಲ್ಟಿ. ಸ್ಟೆಫಾನ್ ಪೆರೇರಾ ತಪ್ಪಲಿಲ್ಲ. ಅದಕ್ಕೆ ಆರು ದಿನ ಮೊದಲು ಸೌಹಾರ್ದ ಪಂದ್ಯದಲ್ಲಿ ಥಾಯ್ಲೆಂಡ್ ವಿರುದ್ಧವೂ 0–2ರಿಂದ ಸೋತಿದ್ದರು.

ಅಕ್ಟೋಬರ್ 9, ಸಿಂಗಪುರ: 1–1. ವಿರಾಮದ ಬೆನ್ನಿಗೇ ಸಂದೇಶ್ ಜಿಂಗಾನ್ ಎರಡನೇ ಹಳದಿ ಕಾರ್ಡ್ ಪಡೆದು ಹೊರಗೆ. ಹತ್ತು ಜನರಲ್ಲೇ ಆಡಿ, 90ನೇ ನಿಮಿಷದಲ್ಲಿ ಎದುರಾಳಿ ಹಿಂದಕ್ಕೆ ಕೊಟ್ಟ ದುರ್ಬಲ ಪಾಸನ್ನು ಕಸಿದು ರಹೀಂ ಅಲಿ ಗೋಲು ಹೊಡೆದರು. ಈ ಇಡೀ ಸುತ್ತಿನಲ್ಲಿ ಮನಸ್ಸಿಗೆ ಹಿತವಾದ ಒಂದೇ ಸಂಜೆ.

ಅಕ್ಟೋಬರ್ 14, ಮಡಗಾಂವ್, ಮತ್ತೆ ಸಿಂಗಪುರ ವಿರುದ್ಧ: 1–2. 14ನೇ ನಿಮಿಷದಲ್ಲಿ ಛಾಂಗ್ಟೆ ದೂರದಿಂದ ಹೊಡೆದದ್ದು ಅದ್ಭುತ ಗೋಲು. 44ರಲ್ಲಿ, ಮತ್ತೆ 58ರಲ್ಲಿ ಸಾಂಗ್ ಉಯಿ-ಯಂಗ್ ಉತ್ತರ ಕೊಟ್ಟರು. ಅಲ್ಲಿಗೆ ಆಸೆ ಮುಗಿಯಿತು. ಆ ಗುಂಪಿನಿಂದ ಕೊನೆಗೆ ಹೋದದ್ದು ಸಿಂಗಪುರವೇ.

ಇದರಲ್ಲಿ ಇನ್ನೊಂದು ಕಹಿ ಇದೆ. 2027ರ ಏಷ್ಯನ್ ಕಪ್‌ನ ಆತಿಥ್ಯಕ್ಕೆ ಭಾರತವೂ ಅರ್ಜಿ ಹಾಕಿತ್ತು. 2022ರ ಡಿಸೆಂಬರ್‌ನಲ್ಲಿ ಎಐಎಫ್‌ಎಫ್ ತಾನಾಗಿ ಹಿಂದೆ ಸರಿಯಿತು, ಟೂರ್ನಿ ಸೌದಿ ಅರೇಬಿಯಾ ಪಾಲಾಯಿತು. ಆತಿಥೇಯರಿಗೆ ಅರ್ಹತಾ ಪಂದ್ಯದ ತಲೆನೋವೇ ಇರುವುದಿಲ್ಲ.

ಢಾಕಾದಲ್ಲಿ ಸೋತದ್ದಕ್ಕೆ ಅಷ್ಟೊಂದು ಬೇಸರವೇಕೆ? ಹೇಗೂ ಹೊರಬಿದ್ದಾಗಿತ್ತಲ್ಲ?

ಹೊರಬಿದ್ದಾಗಿತ್ತು, ನಿಜ. ಆದರೂ 2003ರ ನಂತರ ಬಾಂಗ್ಲಾದೇಶ ಭಾರತವನ್ನು ಸೋಲಿಸಿರಲಿಲ್ಲ. 22 ವರ್ಷಗಳ ಆ ಲೆಕ್ಕ 2025ರ ನವೆಂಬರ್ 18ರಂದು ಮುಗಿಯಿತು. ಪಂದ್ಯ ಶುರುವಾಗಿ ಕಾಲು ಗಂಟೆ ಆಗುವ ಮೊದಲೇ ಶೇಖ್ ಮುರ್ಸಾಲಿನ್ ಹೊಡೆದ ಗೋಲು, ಉಳಿದ ಸಮಯವೆಲ್ಲ ನಮ್ಮ ಫಲಿಸದ ಪ್ರಯತ್ನ. ಐದು ಅರ್ಹತಾ ಪಂದ್ಯಗಳಿಗೆ 2 ಅಂಕ, 2 ಗೋಲು. ಮುಂದಿನ ಫಿಫಾ ಪಟ್ಟಿಯಲ್ಲಿ 142.

ಖಾಲಿದ್ ಜಮೀಲ್ ಬಂದ ಮೇಲೂ ಏನೂ ಬದಲಾಗಲಿಲ್ಲವೇ?

ಸ್ವಲ್ಪ ಬದಲಾಯಿತು, ಆ ಬದಲಾವಣೆ ನಿಲ್ಲಲಿಲ್ಲ. 2025ರ ಆಗಸ್ಟ್ 1ರಂದು ಕೋಚ್ ಆಗಿ ಅವರ ನೇಮಕವಾಯಿತು. ಸುಮಾರು 13 ವರ್ಷಗಳ ನಂತರ ಭಾರತೀಯರೊಬ್ಬರಿಗೆ ಈ ಕುರ್ಚಿ ಸಿಕ್ಕಿತು. ನಾಲ್ಕೇ ವಾರದಲ್ಲಿ ತಜಿಕಿಸ್ತಾನದ ಹಿಸೋರ್‌ನಲ್ಲಿ ಮಧ್ಯ ಏಷ್ಯಾ ಒಕ್ಕೂಟದ ಕಾಫಾ ನೇಷನ್ಸ್ ಕಪ್. ಅದು ಫಿಫಾ ನಿಗದಿಪಡಿಸಿದ ಅವಧಿಯ ಹೊರಗೂ ಚಾಚಿಕೊಂಡಿದ್ದರಿಂದ ಕೆಲವು ಆಟಗಾರರನ್ನು ಕ್ಲಬ್ ಬಿಟ್ಟುಕೊಡಲಿಲ್ಲ, ಚೆಟ್ರಿಯನ್ನೂ ಕರೆದಿರಲಿಲ್ಲ.

ಮೊದಲ ಪಂದ್ಯದಲ್ಲೇ ಆತಿಥೇಯರ ವಿರುದ್ಧ 13 ನಿಮಿಷದೊಳಗೆ ಎರಡು ಗೋಲು: ಅನ್ವರ್ ಅಲಿ, ಜಿಂಗಾನ್. ಇಬ್ಬರೂ ಡಿಫೆಂಡರ್‌ಗಳು. 2–1ರ ಆ ಗೆಲುವಿನಲ್ಲಿ ಗುರುಪ್ರೀತ್ ಒಂದು ಪೆನಾಲ್ಟಿಯನ್ನೂ ತಡೆದರು. ಇರಾನ್ ವಿರುದ್ಧ 0–3, ಅಫ್ಗಾನಿಸ್ತಾನ ಜೊತೆ 0–0. ಮೂರನೇ ಸ್ಥಾನದ ಪಂದ್ಯದಲ್ಲಿ ಒಮಾನ್ ಮುಂದಿದ್ದಾಗ 80ನೇ ನಿಮಿಷದಲ್ಲಿ ಉದಾಂತ ಸಿಂಗ್ ಸಮ ಮಾಡಿದರು, ಶೂಟೌಟ್‌ನ ಕೊನೆಯ ಹೊಡೆತವನ್ನು ಗುರುಪ್ರೀತ್ ತಡೆದರು, 3–2. ಕಂಠೀರವದಲ್ಲಿ ಪೆನಾಲ್ಟಿ ತಪ್ಪಿಸಿದ್ದ ಉದಾಂತ, ಕಂಠೀರವದಲ್ಲಿ ತಡೆದು ಗೆಲ್ಲಿಸಿದ್ದ ಗುರುಪ್ರೀತ್. ಅಷ್ಟೊಂದು ಮೇಲಿನ ರ್‍ಯಾಂಕಿನ ಒಮಾನ್ ವಿರುದ್ಧ ಅದು ಚಿಕ್ಕ ವಿಷಯವಲ್ಲ. ಒಂದು ತಿಂಗಳಿಗೆ ಸಿಂಗಪುರ ಬಂತು, ಉಳಿದದ್ದು ಮೇಲೆ ಓದಿದ್ದೀರಿ.

ನಮ್ಮವರಿಗೆ ಗೋಲು ಹೊಡೆಯಲು ಬರುವುದಿಲ್ಲವೇ?

ಈ ಮೂರು ವರ್ಷಗಳ ಫಲಿತಾಂಶದಲ್ಲಿ ನನ್ನ ಪ್ರಕಾರ ಇರುವುದು ಇದೊಂದೇ ಪ್ರಶ್ನೆ, ಉಳಿದವೆಲ್ಲ ಇದರ ಬಾಲಗಳು. 2024 ಮತ್ತು 2025ರ 22 ಪಂದ್ಯಗಳಲ್ಲಿ 12 ಗೋಲು. ಅದರಲ್ಲಿ ಭೆಕೆ ಎರಡು, ಅನ್ವರ್ ಒಂದು, ಜಿಂಗಾನ್ ಒಂದು. ಮೂವರೂ ರಕ್ಷಣೆಯವರು, ಕಾರ್ನರ್, ಥ್ರೋನಂಥ ಸಮಯದಲ್ಲಿ ಮುಂದೆ ಬಂದವರು. ಚೆಟ್ರಿಯ ಎರಡನ್ನು ತೆಗೆದರೆ ಮುಂದಿನ ಸಾಲಿನಿಂದ ಉಳಿಯುವುದು ಬೆರಳೆಣಿಕೆ.

ಐಎಸ್‌ಎಲ್‌ನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ದುಡ್ಡು ಕೊಟ್ಟು ತರುವಾಗ ಯಾವ ಕ್ಲಬ್ ಆದರೂ ಮೊದಲು ತರುವುದು ಗೋಲು ಹೊಡೆಯುವವನನ್ನೇ. ಭಾರತೀಯ ಸ್ಟ್ರೈಕರ್ ಒಂದೋ ಬೆಂಚಿನಲ್ಲಿ ಕೂರುತ್ತಾನೆ, ಇಲ್ಲವೇ ಪಕ್ಕದ ಗೆರೆಗೆ ಸರಿದು ವಿಂಗರ್ ಆಗುತ್ತಾನೆ. ಛಾಂಗ್ಟೆ, ಕೊಲಾಸೊ, ಮಹೇಶ್, ಉದಾಂತ ಎಲ್ಲರೂ ರೆಕ್ಕೆಯಲ್ಲಿ ಓಡುವವರೇ. ಕ್ರಾಸ್ ಮಾಡಲು ಐದು ಜನ ಇದ್ದಾರೆ, ಅದಕ್ಕೆ ತಲೆ ಕೊಡಲು ಒಬ್ಬನಿಲ್ಲ. ಕೋಚ್ ಕ್ರೊಯೇಷ್ಯಾದವರಾದರೂ ಸ್ಪೇನ್‌ನವರಾದರೂ ಮುಂಬೈಯಲ್ಲಿ ಆಡಿ ಬೆಳೆದವರಾದರೂ ಅವರ ಕೈಗೆ ಸಿಗುವ ಪಟ್ಟಿ ಅದೇ. ಕ್ಲಬ್‌ಗಳ ತಪ್ಪೂ ಇದಲ್ಲ. ಅವರಿಗೆ ಅವರ ಪಂದ್ಯ ಗೆಲ್ಲಬೇಕು.

ಐಎಸ್‌ಎಲ್ ತಡವಾದದ್ದು ರಾಷ್ಟ್ರೀಯ ತಂಡಕ್ಕೆ ಪೆಟ್ಟು ಕೊಟ್ಟಿತೇ?

ಕೊಟ್ಟಿರಲೇಬೇಕು. ಲೀಗ್ ನಡೆಸುವ ಕಂಪನಿಗೂ ಎಐಎಫ್‌ಎಫ್‌ಗೂ ಇದ್ದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದೇನು ಎಂಬುದು ಇತ್ಯರ್ಥವಾಗದೆ ಜುಲೈನಲ್ಲೇ ಹೊಸ ಋತುವನ್ನು ತಡೆಹಿಡಿದರು. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗುವ ಲೀಗ್ ಆ ವರ್ಷ ಶುರುವಾಗಲೇ ಇಲ್ಲ. ಸಿಂಗಪುರದವರ ಎದುರು ನಿಂತಾಗ ನಮ್ಮ ಹುಡುಗರ ಕಾಲಿಗೆ ಪಂದ್ಯಗಳ ರೂಢಿಯೇ ಇರಲಿಲ್ಲ. ಆದರೆ ಜೂನ್‌ನಲ್ಲಿ, ಲೀಗ್ ಪೂರ್ತಿ ಆಡಿ ಮುಗಿಸಿದ ಮೇಲೂ ಹಾಂಗ್‌ಕಾಂಗ್‌ನಲ್ಲಿ ಸೋತಿದ್ದೆವಲ್ಲ!

ಫಿಫಾ ರ್‍ಯಾಂಕಿಂಗ್ ಲೆಕ್ಕ ಹೇಗೆ?

ಪ್ರತಿ ಪಂದ್ಯಕ್ಕೂ ಒಂದು ತೂಕ ಇರುತ್ತದೆ. ನಿಗದಿತ ಅವಧಿಯ ಸೌಹಾರ್ದ ಪಂದ್ಯಕ್ಕೆ 10, ಅರ್ಹತಾ ಪಂದ್ಯಕ್ಕೆ 25, ಏಷ್ಯನ್ ಕಪ್‌ನಂಥ ಟೂರ್ನಿಯ ಲೀಗ್ ಪಂದ್ಯಕ್ಕೆ 35. ಎರಡು ತಂಡಗಳ ಹಾಲಿ ಅಂಕಗಳನ್ನು ಹೋಲಿಸಿ ಯಾರಿಂದ ಎಷ್ಟು ನಿರೀಕ್ಷೆ ಎಂದು ಮೊದಲೇ ಲೆಕ್ಕ ಹಾಕುತ್ತಾರೆ. ಬಂದ ಫಲಿತಾಂಶದಿಂದ ಆ ನಿರೀಕ್ಷೆಯನ್ನು ಕಳೆದು ತೂಕದಿಂದ ಗುಣಿಸಿದರೆ ಸಿಕ್ಕ ಅಥವಾ ಹೋದ ಅಂಕ. ಸಮಬಲದ ತಂಡವನ್ನು ಸೌಹಾರ್ದ ಪಂದ್ಯದಲ್ಲಿ ಸೋಲಿಸಿದರೆ 5 ಅಂಕ, ಅರ್ಹತಾ ಪಂದ್ಯದಲ್ಲಾದರೆ 12.5. ತನಗಿಂತ ಬಹಳ ಕೆಳಗಿರುವವರ ಎದುರು ಡ್ರಾ ಆದರೂ ಅಂಕ ಹೋಗುತ್ತದೆ. ಮಾರಿಷಸ್, ಬಾಂಗ್ಲಾದೇಶ ಪಂದ್ಯಗಳಲ್ಲಿ ನಮಗಾದದ್ದು ಅದೇ.

ಭಾರತದ ಅತ್ಯುತ್ತಮ ಸ್ಥಾನ 94, ಅದು 1996ರ ಫೆಬ್ರುವರಿಯಲ್ಲಿ. ಕನಿಷ್ಠ 173, 2015ರಲ್ಲಿ. ಈಗಿನದು ಪಾತಾಳವಲ್ಲ ಎನ್ನಲು ಇಷ್ಟು ಸಾಕು.

ವಿದೇಶದಲ್ಲಿರುವ ಭಾರತೀಯ ಮೂಲದ ಆಟಗಾರರನ್ನು ಏಕೆ ಆಡಿಸುವುದಿಲ್ಲ?

ಭಾರತದ ಪರ ಆಡಲು ಭಾರತದ ಪಾಸ್‌ಪೋರ್ಟ್ ಬೇಕು, ಎರಡು ದೇಶದ ಪೌರತ್ವಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಅಲ್ಲಿನದನ್ನು ಬಿಟ್ಟುಕೊಟ್ಟೇ ಬರಬೇಕು. ಜಪಾನಿನಲ್ಲಿ ಹುಟ್ಟಿದ ಅರಾಟ ಇಜುಮಿ ಹಾಗೆ ಬಂದು 2013ರಲ್ಲಿ ಆಡಿದ್ದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟು 2025ರ ನವೆಂಬರ್‌ನಲ್ಲಿ ಶಿಬಿರ ಸೇರಿದರು, ಅವರ ತಾಯಿಯ ಕಡೆಯವರು ಮುಂಬೈಯವರು. ಢಾಕಾ ಪಂದ್ಯಕ್ಕೆ ಮಾತ್ರ ಕಾಗದಪತ್ರ ಸಕಾಲಕ್ಕೆ ಮುಗಿಯಲಿಲ್ಲ.

ತಂಡದಲ್ಲಿ ಕರ್ನಾಟಕದವರು ಯಾರಿದ್ದಾರೆ?

ಬೆಂಗಳೂರು ಎಫ್‌ಸಿಯಿಂದ ಹೋಗುವವರು ಸಾಕಷ್ಟಿದ್ದಾರೆ: ಗುರುಪ್ರೀತ್, ಭೆಕೆ, ಸುರೇಶ್ ವಾಂಗ್ಜಾಂ, ರೋಷನ್ ಸಿಂಗ್. ಇಲ್ಲೇ ಹುಟ್ಟಿ ಬೆಳೆದವರು ಬೇಕೆಂದರೆ ಹಿಂದಕ್ಕೆ ಹೋಗಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ. 1956ರ ಮೆಲ್ಬರ್ನ್ ತಂಡದಲ್ಲಿ ಕೆಂಪಯ್ಯ ಇದ್ದರು. 1990ರ ದಶಕದಲ್ಲಿ ತಂಡದ ನಾಯಕರಾಗಿದ್ದ ಕಾರ್ಲ್ಟನ್ ಚಾಪ್‌ಮನ್ ಇಲ್ಲಿಯವರೇ. ಆಸ್ಟಿನ್ ಟೌನ್, ಗೌತಮಪುರದಲ್ಲಿ ಇವತ್ತೂ ಸಂಜೆ ಚೆಂಡು ಉರುಳುತ್ತದೆ. ಗೌತಮಪುರದವರು ಪೆಲೆ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಆ ಗಲ್ಲಿಗಳಿಂದ ಹಿರಿಯರ ತಂಡಕ್ಕೆ ಹೋಗುವ ದಾರಿ ಮಾತ್ರ ಕಿರಿದಾಗಿದೆ.

ಮಹಿಳೆಯರ ಮತ್ತು ಕಿರಿಯರ ತಂಡಗಳ ಕಥೆಯೂ ಹೀಗೆಯೇ?

ಇಲ್ಲ. ಅವರ ಫಲಿತಾಂಶ ಓದಿದರೆ ಬೇರೆ ದೇಶದ ಸುದ್ದಿ ಎನಿಸುತ್ತದೆ. 2025ರ ಜೂನ್–ಜುಲೈನಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಮಹಿಳೆಯರ ತಂಡ ಮಂಗೋಲಿಯಾ ವಿರುದ್ಧ 13–0, ಟಿಮೋರ್ ವಿರುದ್ಧ 4–0, ಇರಾಕ್ ವಿರುದ್ಧ 5–0ರಿಂದ ಗೆದ್ದಿತು. ಕೊನೆಗೆ ಜುಲೈ 5ರಂದು ಆತಿಥೇಯ ಥಾಯ್ಲೆಂಡನ್ನೇ 2–1ರಿಂದ ಸೋಲಿಸಿತು, ಎರಡೂ ಗೋಲು ಸಂಗೀತಾ ಬಾಸ್ಫೊರೆ ಅವರದ್ದು. 2026ರ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತಾ ಸುತ್ತು ಗೆದ್ದೇ ಅವರು ಟಿಕೆಟ್ ಪಡೆದದ್ದು.

23 ವರ್ಷದೊಳಗಿನವರು ಬಹರೇನನ್ನು 2–0ರಿಂದ, ಬ್ರೂನೈಯನ್ನು 6–0ರಿಂದ ಸೋಲಿಸಿದರೂ ಕತಾರ್‌ಗೆ 1–2ರಿಂದ ಸೋತು ಕೂದಲೆಳೆಯಲ್ಲಿ ಅರ್ಹತೆ ತಪ್ಪಿಸಿಕೊಂಡರು. ಢಾಕಾ ಸೋಲಾಗಿ ಹನ್ನೆರಡನೇ ದಿನ, ನವೆಂಬರ್ 30ರಂದು, ಅಹಮದಾಬಾದ್‌ನಲ್ಲಿ 17 ವರ್ಷದೊಳಗಿನ ಹುಡುಗರು ಒಂದು ಗೋಲಿನಿಂದ ಹಿಂದೆ ಬಿದ್ದಿದ್ದರೂ ಇರಾನ್ ವಿರುದ್ಧ 2–1ರಿಂದ ಗೆದ್ದು ತಮ್ಮ ವಯೋಮಾನದ ಏಷ್ಯನ್ ಕಪ್‌ಗೆ ಹೋದರು. ಅದೇ ಇರಾನಿನ ಹಿರಿಯರಿಗೆ ನಮ್ಮ ಹಿರಿಯರು 0–3ರಿಂದ ಸೋತು ಆಗಿನ್ನೂ ಮೂರು ತಿಂಗಳಾಗಿತ್ತು.